ಅಂಚು ಕತ್ತರಿಸದ ಪುಸ್ತಕ

ಗೋಂದಣ್ಣ ಕಳೆದ ಭಾನುವಾರ ತೀರಿಕೊಂಡ. ಶನಿವಾರ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಅರವತ್ತೆರಡು ವರ್ಷ. ಅವನು ಒತ್ತುಯಂತ್ರದಲ್ಲಿ ಬಿಟ್ಟುಹೋದ ಪುಸ್ತಕವನ್ನು ಮಂಗಳವಾರ ನಾನೇ ಅದರ ಒಡತಿಗೆ ಮುಟ್ಟಿಸಿ ಬಂದೆ.

ಗೋಂದಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಉಗುರಿನ ಸಂದಿಯಲ್ಲಿ ಸದಾ ಅಂಟು ಒಣಗಿರುತ್ತಿತ್ತು ಅಂತ ಛಾಪಖಾನೆಯವರು ಕೊಟ್ಟದ್ದು. ಅಲ್ಲಿ ನಾನು ಮೂವತ್ತು ವರ್ಷ ಕರಡು ತಿದ್ದಿದೆ. ಅವನು ಹಿಂದಿನ ಕೋಣೆಯಲ್ಲಿ ಪುಸ್ತಕ ಕಟ್ಟಿದ. ನಾನು ಬಿಟ್ಟ ತಪ್ಪುಗಳು ನೂರಾರು ಪುಸ್ತಕಗಳಲ್ಲಿ ಹಾಗೇ ಉಳಿದಿವೆ. ಅವನು ಮಾತ್ರ ಒಂದಕ್ಷರವನ್ನೂ ಕತ್ತರಿಸಿದವನಲ್ಲ. ಹಾಗೆಂದೇ ಅವನೂ ನಂಬಿದ್ದ.

ಹೋದ ವರ್ಷ ಚಪ್ಪಲಿ-ಜೋಡಿನ ಅಂಗಡಿಯ ಅಜ್ಜಿ ಬಟ್ಟೆಯಲ್ಲಿ ಸುತ್ತಿದ ಬಿಡಿ ಹಾಳೆಗಳನ್ನು ತಂದರು. ಅವರ ಹಿರಿಯರು ಚೀನಾದಿಂದ ಬಂದವರು. ಅವರು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಹಾಳೆಗಳು ತೀರಿಹೋದ ಗಂಡನ ಕೈಬರಹ. ಮಗಳಿಗೆ ಚೀನೀ ಅಕ್ಷರ ಕಲಿಸಲು ಬರೆದದ್ದು. ಮೊದಲು ಒಂದು, ಎರಡು, ಬಾಯಿ, ಮರ. ಆಮೇಲೆ ಅವರಲ್ಲಿ ಹಳೆಯ ಕಾಲದಿಂದ ಬಂದ ನಾಲ್ಕು ನಾಲ್ಕು ಅಕ್ಷರದ ನುಡಿಗಟ್ಟುಗಳು, ಒಂದೊಂದರ ಹಿಂದೆ ಒಂದೊಂದು ಕಥೆ. ಒಟ್ಟು ನಲವತ್ತೆರಡು ಹಾಳೆ. ದಾರ ಕಿತ್ತುಹೋಗಿತ್ತು.

ಹೊಲಿಗೆಯ ತೂತುಗಳು ಬಲಗಡೆ ಇದ್ದವು. ಯಾರೋ ಕೆಲಸ ಬಾರದವರು ಉಲ್ಟಾ ಹೊಲಿದಿದ್ದಾರೆ ಅಂದುಕೊಂಡು ಗೋಂದಣ್ಣ ಹಾಳೆಗಳನ್ನು ನಮ್ಮ ಪುಸ್ತಕಗಳಂತೆ ಎಡಕ್ಕೆ ಕಟ್ಟಿದ. ತಲೆಯ ಕಡೆ ಹಾಳೆಗಳು ಏರುಪೇರಾಗಿದ್ದವು. ಕೈಯಲ್ಲಿದ್ದ ರಟ್ಟಿನ ಅಳತೆಗೆ ತಂದು, ಕಟಿಂಗ್ ಮಷೀನಿನಲ್ಲಿ ಅರ್ಧ ಬೆರಳು ಹಾರಿಸಿ ಸಮ ಮಾಡಿದ. ನೋಡಲು ಕನ್ನಡಿಯಂಥ ಅಂಚು.

ಅಜ್ಜಿ ಬಂದರು. ಅವರ ಹಳೆಯ ಪುಸ್ತಕಗಳು ತೆರೆದುಕೊಳ್ಳುವಂತೆ ಬಲಗಡೆಯಿಂದ ತೆರೆದರು; ಮೊದಲ ಹಾಳೆಯ ಬದಲು ಕೊನೆಯ ಹಾಳೆ ಸಿಕ್ಕಿತು. ಬೆರಳನ್ನು ಹಾಳೆಯ ತಲೆಯ ಮೇಲೆ ಎರಡು ಸಲ ಓಡಾಡಿಸಿದರು.

"ಇಲ್ಲಿ ಒಂದು ಸಾಲು ಇತ್ತಲ್ಲ ತಮ್ಮ?"

"ಯಾವ ಸಾಲು ಅಕ್ಕ?"

"ಸಣ್ಣದು. ಅವರು ಮೇಲ್ಗಡೆ ಬರೀತಿದ್ರು. ಹೋಗ್ಲಿ ಬಿಡು, ಗಟ್ಟಿಯಾಗಿ ಕಟ್ಟಿದೀಯ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ಮಧ್ಯಾಹ್ನವೆಲ್ಲ ರದ್ದಿ ಚೀಲ ಸುರಿದುಕೊಂಡು ನೆಲದ ಮೇಲೆ ಕೂತ. ನಲವತ್ತೆರಡು ಚೂರುಗಳೂ ಸಿಕ್ಕವು. ಎಲ್ಲದರ ಮೇಲೂ ಇರುವೆಸಾಲಿನಂಥ ಬರಹ. ಯಾವುದು ಯಾವ ಹಾಳೆಯ ತಲೆ ಅಂತ ಹೇಳುವವರಿಲ್ಲ. ಅಜ್ಜಿಗೆ ಹಾಳೆಯ ದಪ್ಪ ಅಕ್ಷರ ಮಸುಕಾಗಿ ಕಾಣುತ್ತಿತ್ತು, ಆ ಸಣ್ಣದು ಕಾಣುತ್ತಿರಲಿಲ್ಲ. ಕಣ್ಣಿನ ನರ ಒಣಗುತ್ತಿದೆ, ಉಳಿದ ಬೆಳಕೂ ವರ್ಷ ಒಂದೂವರೆ ವರ್ಷದಲ್ಲಿ ಹೋಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಅದಕ್ಕೇ ಅವರು ಹಾಳೆಗಳನ್ನು ಕಟ್ಟಿಸಲು ತಂದದ್ದು.

ಗೋಂದಣ್ಣ ಚೂರುಗಳನ್ನು ಲಕೋಟೆಯಲ್ಲಿ ಹಾಕಿಕೊಂಡು ಜೋಡಿನ ಅಂಗಡಿಗೆ ಹೋಗಿ, "ನಿಮ್ಮ ಅಕ್ಷರ ನಂಗೆ ಕಲಿಸಿ ಅಕ್ಕ" ಅಂದ.

"ಈ ವಯಸ್ಸಲ್ಲಾ?" ಅಂತ ಅವರು ನಕ್ಕರಂತೆ.

ಮನೆಯಲ್ಲೂ ನಗುವೇ. ರಾಗ ಬದಲಾದರೆ ಅರ್ಥವೇ ಬದಲಾಗುತ್ತದೆಂದು ಒಂದೇ ಸದ್ದನ್ನು ನಾಲ್ಕು ರಾಗದಲ್ಲಿ ಎಳೆಯುತ್ತ ಅವನು ವರಾಂಡದಲ್ಲಿ ತಿರುಗುತ್ತಿದ್ದರೆ, ಅವನ ಹೆಂಡತಿ, ನಮ್ಮ ಅತ್ತಿಗೆ, ಒಳಗಿನಿಂದ ನನಗೆ ಕೇಳುವಂತೆ ಹೇಳುತ್ತಿದ್ದರು: "ಮೂವತ್ತೈದು ವರ್ಷ ಆಯ್ತು, ನಾನು ಆಡೋ ಮಾತೇ ಇವರ ತಲೆಗೆ ಹೋಗಿಲ್ಲ. ಈಗ ಚೀನಾದೋರ ಮಾತು ಹೋಗುತ್ತಂತೆ!"

ರಾಗ ಅವನಿಗೆ ಕೊನೆಗೂ ಒಲಿಯಲಿಲ್ಲ. ಗೆರೆ ಒಲಿಯಿತು. ಮೊದಮೊದಲು ಚೂರಿನಲ್ಲಿದ್ದುದನ್ನು ಚಿತ್ರ ಬರೆದಂತೆ ನೋಡಿ ನೋಡಿ ದೊಡ್ಡದಾಗಿ ಬರೆದು ಹಿಡಿಯುತ್ತಿದ್ದ. ಅದೂ ಅಜ್ಜಿಗೆ ಅರ್ಧಂಬರ್ಧ. "ನನ್ನ ಅಂಗೈ ಮೇಲೆ ಬರಿ" ಅಂದರು. ಬರೆದ.

"ಏನೋ ಕೆರೀತಿದೀಯ ತಮ್ಮ. ಇದು ಅಕ್ಷರ ಅಲ್ಲ."

ಗೆರೆ ಎಳೆಯುವುದಕ್ಕೂ ಒಂದು ಕ್ರಮವಿದೆ. ಅಡ್ಡಗೆರೆ ಮೊದಲು, ಅದನ್ನು ದಾಟುವ ಉದ್ದಗೆರೆ ಆಮೇಲೆ. ಪೆಟ್ಟಿಗೆಯಂಥ ಅಕ್ಷರವಾದರೆ ಒಳಗಿನದನ್ನೆಲ್ಲ ತುಂಬಿದ ಮೇಲೆ ತಳ ಮುಚ್ಚಬೇಕು. ಆ ಕ್ರಮ ತಪ್ಪಿದರೆ ಅಂಗೈಗೆ ತಿಳಿಯುವುದಿಲ್ಲ. ನಾಲ್ಕು ತಿಂಗಳು ಅವನು ಬರಿಯ ಕ್ರಮವನ್ನೇ ಕಲಿತ. ಒಂದು ಸಂಜೆ ಮೂರು ಅಕ್ಷರ ಬರೆದು ಮುಗಿಸುವಷ್ಟರಲ್ಲಿ ಅಜ್ಜಿ ಕೈ ಎಳೆದುಕೊಂಡು, ಎದ್ದು ಒಳಗೆ ಹೋದರು. ಆ ಚೂರಿನಲ್ಲಿದ್ದದ್ದು ಆಮೇಲೆ ತಿಳಿಯಿತು: 'ಇವತ್ತು ಮಳೆ. ಮಗಳು ಮರ ಬರೆದು, ಒದ್ದೆಯಾಗುತ್ತದೆ ಅಂತ ಕೈ ಅಡ್ಡ ಹಿಡಿದಳು.'

ಪ್ರತಿ ಹಾಳೆಯ ತಲೆಯಲ್ಲೂ, ಆ ಹಾಳೆಯ ಪಾಠವನ್ನೇ ಹಿಡಿದು, ಅಂಥದ್ದೇ ಒಂದು ಸಾಲು. ಪಾಠ ನಲವತ್ತೆರಡಕ್ಕೆ ಯಾಕೆ ನಿಂತಿತು ಅಂತ ಗೋಂದಣ್ಣ ಕೇಳಲಿಲ್ಲ. ಅಜ್ಜಿಯೇ ಹೇಳಿದರು: ಮಗಳಿಗೆ ಆಗ ಏಳು ವರ್ಷ, ಜ್ವರ ಬಂತು, ಹೋದಳು.

ಕಟ್ಟು ಬಿಚ್ಚಿದ ಹಾಳೆಗಳಿಗೆ ಅಂಟಿಸಿದ ಚೂರುಗಳು ಒಂದೊಂದಾಗಿ ಹೆಚ್ಚಿದವು. ಕಾಲು ಎಂಬ ಅಕ್ಷರವಿದ್ದ ನುಡಿಗಟ್ಟೊಂದಿತ್ತು. ಜೋಡು ಚಿಕ್ಕದಾಯಿತು ಅಂತ ಕಾಲನ್ನೇ ಕೆತ್ತಿಕೊಂಡವನದು. ಅದರ ಕಥೆ ಹೇಳಿ ಅಜ್ಜಿ, "ನಮ್ಮನೆಯೋರು ಗಿರಾಕಿಗಳಿಗೆಲ್ಲ ಇದನ್ನೇ ಹೇಳೋರು" ಅಂತ ನಕ್ಕರು. ಗೋಂದಣ್ಣ ನಗಲಿಲ್ಲ.

"ಅಕ್ಕ, ಇದು ನಾನೇ."

"ನೀನೊಬ್ಬನೇ ಏನಲ್ಲ, ಸುಮ್ನಿರು."

ಹೋದ ಶನಿವಾರ ಸಂಜೆ ಅವನ ಜೊತೆ ನಾನೂ ಅಂಗಡಿಗೆ ಹೋಗಿದ್ದೆ. ಅಜ್ಜಿ ಹಾಳೆಯನ್ನು ಕಿಟಕಿಗೆ ಒಡ್ಡಿ, ಮುಖಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದರು. ಉಳಿದದ್ದು ಒಂದೇ ಚೂರು, ಒಂದೇ ಹಾಳೆ. ಆ ಕಾಲಿನ ಹಾಳೆಯೇ. ಓದದೆಯೂ ಅಂಟಿಸಬಹುದಿತ್ತು. ಅವನು ಓದದೆ ಅಂಟಿಸುವವನಲ್ಲ. ಕನ್ನಡಕವನ್ನು ಹಣೆಗೇರಿಸಿ, ಚೂರನ್ನು ಕಣ್ಣಿಗೆ ತಂದುಕೊಂಡು, ಅಜ್ಜಿಯ ಅಂಗೈ ಮೇಲೆ ಒಂದೊಂದೇ ಗೆರೆ ಎಳೆದ. ಎಲ್ಲೂ ಬೆರಳು ತಡವರಿಸಲಿಲ್ಲ. ಅಜ್ಜಿ ನಿಧಾನವಾಗಿ ನಮ್ಮ ಮಾತಿನಲ್ಲಿ ಹೇಳಿದರು: 'ಇವತ್ತು ಮಗಳು ನನ್ನ ಜೋಡು ಹಾಕಿಕೊಂಡು ಅಂಗಡಿ ತುಂಬ ನಡೆದಳು. ಎಷ್ಟು ಕೇಳಿದರೂ ಬಿಚ್ಚಲಿಲ್ಲ.'

ಅವರು ಅಂಗೈ ಮುಚ್ಚಿಕೊಂಡರು. ನಾವು ಮೂವರೂ ಅಂಗಡಿಯ ನೆಲ ನೋಡಿದೆವು.

ಗೋಂದಣ್ಣ ಅಲ್ಲಿಂದ ನೆಟ್ಟಗೆ ಕಟ್ಟುವ ಕೋಣೆಗೆ ಬಂದ; ನಾನೂ ಜೊತೆಗೆ ಬಂದೆ. ಚೂರಿನ ಹಿಂದೆ ತೆಳು ಕಾಗದ ಕೊಟ್ಟು ಅಂಟಿಸಿ, ಆರಿದ ಮೇಲೆ ಹಾಳೆಗಳನ್ನೆಲ್ಲ ಮೊದಲಿನ ಕ್ರಮಕ್ಕೆ ಜೋಡಿಸಿ, ಬಲಗಡೆಯ ಹಳೆಯ ತೂತುಗಳಲ್ಲೇ ದಾರ ಎಳೆದ. ತಲೆಯ ಕಡೆ ಒಂದು ಹಾಳೆ ಮುಂದೆ, ಒಂದು ಹಿಂದೆ. ಅಭ್ಯಾಸಬಲದಿಂದ ನಾನು ಅಂದೆ: "ಅಂಚು ಸಮ ಇಲ್ಲವಲ್ಲೋ."

"ಕಾಲು ಇದ್ದ ಹಾಗೇ ಇರ್ಲಿ. ಜೋಡೇ ದೊಡ್ಡದು ಮಾಡಿದ್ರಾಯ್ತು."

ಎಲ್ಲಕ್ಕಿಂತ ಮುಂದೆ ಚಾಚಿದ್ದ ಹಾಳೆಗೆ ದಾರ ಹಿಡಿದು ಅಳೆದ. ಅದಕ್ಕಿಂತ ಒಂದು ಬೆರಳು ದೊಡ್ಡದಾಗಿ ಹೊಸ ರಟ್ಟನ್ನು ಚಾಕುವಿನಲ್ಲೇ ಕುಯ್ದು ಹೊದಿಸಿದ. ಪುಸ್ತಕವನ್ನು ಒತ್ತುಯಂತ್ರದಲ್ಲಿಟ್ಟು ತಿರುಪು ಬಿಗಿ ಮಾಡಿದ. ಹಳೆಯ ಕಾಗದವೆಂದು ಮತ್ತೆ ಕಾಲು ಸುತ್ತು ಸಡಿಲಿಸಿದ. ಕಟಿಂಗ್ ಮಷೀನಿನ ಮುಸುಕನ್ನು ಅವನು ಆ ದಿನ ತೆಗೆದೇ ಇರಲಿಲ್ಲ.