ನಿಂಗಯ್ಯ ಕೆತ್ತಿದ ಹಡಗಿನ ಹಲಗೆ

ನಿಂಗಯ್ಯ ಹೇಡಿ. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ. ಅವನ ಹೆಂಡತಿ ಚಲುವಮ್ಮನ ಎದುರಿಗೇ ಎರಡು ಸಲ ಹೇಳಿದ್ದೇನೆ. ಎರಡು ಸಲವೂ ಅವಳು ಅಲ್ಲವೆನ್ನಲಿಲ್ಲ. ಮೈಸೂರಿನ ಸಿದ್ಧಾರ್ಥನಗರದ ನಮ್ಮ ಬೀದಿಯಲ್ಲಿ ಅವನದು ನನ್ನ ಪಕ್ಕದ ಮನೆ. ಹಿಂದೊಮ್ಮೆ ಪುಢಾರಿಯೊಬ್ಬ ಮಳೆನೀರಿನ ಮೋರಿಯನ್ನು ತನ್ನ ಕಾಂಪೌಂಡಿಗೆ ಸೇರಿಸಿಕೊಂಡಾಗ ಬೀದಿಯವರೆಲ್ಲ ಮನವಿಗೆ ಸಹಿ ಹಾಕಿದರು. ನಿಂಗಯ್ಯ ಹಾಕಲಿಲ್ಲ. ಆ ಹೊತ್ತಿನಲ್ಲಿ ಅವನ ನಡುಮನೆಯಲ್ಲೇ ಮೊಣಕಾಲುದ್ದ ನೀರು ನಿಂತಿತ್ತು.

ಅವನದು ಇನ್ಲೇ ಕೆಲಸ. ಕಪ್ಪು ಬೀಟೆ ಮರದಲ್ಲಿ ಗುಳಿ ತೋಡಿ, ಬೇರೆ ಬಣ್ಣದ ಮರದ ಚೂರುಗಳನ್ನು ಕೂದಲೆಳೆಯ ಸಂದೂ ಇಲ್ಲದಂತೆ ಕೂರಿಸುವುದು. ಈ ಕೆಲಸದವರು ಹಲಗೆಯ ಹಿಂಬದಿಯಲ್ಲಿ ಎಲ್ಲಾದರೂ ಮೂಲೆಯಲ್ಲಿ ತಮ್ಮ ಹೆಸರು ಕೆತ್ತಿಡುವುದುಂಟು. ನಿಂಗಯ್ಯ ಯಾವತ್ತೂ ಕೆತ್ತಿದವನಲ್ಲ. ಯಾಕೆಂದು ಕೇಳಿದ್ದೆ.

"ಹೆಸ್ರಿದ್ರೆ, ತಪ್ಪು ಕಂಡಾಗ ಹುಡುಕ್ಕೊಂಡು ಬತ್ತಾರೆ ಮೇಡಮ್," ಎಂದಿದ್ದ.

ಇಪ್ಪತ್ತೆರಡು ವರ್ಷದ ಹಿಂದೆ ಬ್ರಿಟನ್ನಿನ ಪ್ರವಾಸಿ ಹಡಗು ಕಂಪನಿಯೊಂದು ತನ್ನ ಹಳೆಯ ಹಡಗಿನ ಮರಗೆಲಸ ದುರಸ್ತಿಗೆ ಇಲ್ಲಿಂದ ಅವನನ್ನು ಕರೆದುಕೊಂಡು ಹೋಯಿತು. ಹಡಗಿನ ಹೆಸರು ಲೇಡಿ ಹ್ಯಾರಿಯೆಟ್. ದುರಸ್ತಿ ಮುಗಿದ ಮೇಲೂ ಬಡಗಿಯಾಗಿ ಅಲ್ಲೇ ಉಳಿದ. ವರ್ಷಕ್ಕೆ ನಾಲ್ಕು ತಿಂಗಳು ಮನೆ, ಉಳಿದಂತೆ ಸಮುದ್ರ. ಅಲ್ಲಿಯವರ ಬಾಯಿಗೆ ನಿಂಗಯ್ಯ ಎಂಬುದು ಒಗ್ಗದೆ 'ನಿಂಗೊ' ಎಂದು ಕರೆದರು. ಇವನು ಅದಕ್ಕೂ ಓಗೊಟ್ಟ.

ಈ ವರ್ಷ ಜೂನ್‌ನಲ್ಲಿ ಅವನಿಗೆ ಕಂಪನಿಯ ಕಾಗದ ಬಂತು. ನಮ್ಮ ಬೀದಿಗೆ ಬರುವ ಇಂಗ್ಲಿಷ್ ಕಾಗದಗಳೆಲ್ಲ ಕೊನೆಗೆ ನನ್ನ ಮೇಜಿಗೇ ಬರುತ್ತವೆ. ಕಾಲೇಜಿನಲ್ಲಿ ಕಾನೂನು ಪಾಠ ಮಾಡಿದ್ದಕ್ಕೆ ಉಳಿದಿರುವ ಶಿಕ್ಷೆ. ಮೊದಲ ಪುಟದಲ್ಲಿ ನಗುತ್ತಿರುವ ಮದುಮಗಳ ಚಿತ್ರ. ಇಷ್ಟು ಕಾಲ ಬ್ರಿಟನ್ನಿನಲ್ಲಿ ನೋಂದಣಿಯಾಗಿದ್ದ ತಮ್ಮ ಹಡಗುಗಳನ್ನು ಅಕ್ಟೋಬರ್ ಒಂದರಿಂದ ಕೆರಿಬಿಯನ್ ಕಡೆಯ ಪುಟ್ಟ ದ್ವೀಪದೇಶವೊಂದರಲ್ಲಿ ನೋಂದಾಯಿಸುತ್ತಾರಂತೆ. ಹಳೆಯ ದೇಶದ ಕಾನೂನಿನಲ್ಲಿ ಕಪ್ತಾನನು ನಡುಸಮುದ್ರದಲ್ಲಿ ಮದುವೆ ಮಾಡಿಸುವಂತಿಲ್ಲ, ದ್ವೀಪದ ಕಾನೂನಿನಲ್ಲಿ ಮಾಡಿಸಬಹುದು. ಪ್ರಯಾಣಿಕರ ಸಂತೋಷಕ್ಕಾಗಿ ಈ ಬದಲಾವಣೆಯಂತೆ. ನೂರು ವರ್ಷದ ಪರಂಪರೆ ಎಂದು ಟಿಕೆಟ್ ಮಾರುವ ಜನ, ಹಡಗಿನ ಮೇಲಿಂದ ಆ ಪರಂಪರೆಯ ಊರಿನ ಹೆಸರನ್ನೇ ಒರೆಸಿಹಾಕಲು ಹೂಮಾಲೆಯನ್ನು ಅಡ್ಡ ಹಿಡಿದಿದ್ದರು.

ಮಾಲೆಯ ಹಿಂದಿದ್ದದ್ದು ಒಂಬತ್ತನೆಯ ಪುಟ. ನೋಂದಣಿ ಬದಲಾದರೆ ಹಡಗಿನ ಬಾವುಟವೂ ಬದಲು, ಹಳೆಯ ಬಾವುಟದ ಜೊತೆಗೇ ನೌಕರರ ಹಳೆಯ ಕರಾರೂ ಮುಗಿಯುತ್ತದೆ. ಆ ದಿನ ಹಡಗಿನ ಮೇಲೆ ಇರುವವರನ್ನು ಹೊಸಬರೆಂದು ಸೇರಿಸಿಕೊಳ್ಳುತ್ತಾರೆ. ಕಾಯಿಲೆಗೋ ಹೆರಿಗೆಗೋ ರಜೆಯ ಮೇಲೆ ದಡದಲ್ಲಿ ಇರುವವರ ಹೊಣೆ ಕಂಪನಿಯದಲ್ಲ.

ನಿಂಗಯ್ಯನ ತಂಗಿಯ ಮಗಳು ಭವ್ಯಶ್ರೀ ಅದೇ ಹಡಗಿನ ಬಟ್ಟೆ ಒಗೆಯುವ ವಿಭಾಗದಲ್ಲಿ ನಾಲ್ಕು ವರ್ಷದಿಂದ ಇದ್ದಳು. ಕೆಲಸಕ್ಕೆ ಸೇರಿಸಿದವನು ಇವನೇ. ಆಗ ಅವಳು ರಜೆಯ ಮೇಲೆ ವಿಜಯನಗರದ ಮನೆಯಲ್ಲಿ ಆರು ತಿಂಗಳ ಬಸುರಿ. ಹಳೆಯ ಕರಾರಿನಂತೆ ಹೆರಿಗೆ ಮುಗಿಸಿ ಬರುವತನಕ ಅವಳ ಜಾಗವನ್ನು ಕಾಯ್ದಿಡಬೇಕಿತ್ತು. ಕಾಗದ ಓದಿ ಹೇಳಿದಾಗ ಅವಳು, "ಅಲ್ಲಾ ಮೇಡಮ್, ಮದ್ವೆ ಮಾಡ್ಸೋಕೆ ಇವರಿಗೆ ಅಷ್ಟೊಂದು ಆಸೆ. ಮದ್ವೆ ಆದ್ಮೇಲೆ ಆಗೋದು ಮಾತ್ರ ಬೇಡ್ವಂತಾ?" ಎಂದಳು.

ದಾರಿ ಒಂದೇ ಇತ್ತು. ಬ್ರಿಟನ್ನಿನ ನಾವಿಕರ ಸಂಘ ಈ ವಿಷಯವನ್ನು ಕೈಗೆತ್ತಿಕೊಳ್ಳಬೇಕಾದರೆ ಹತ್ತು ವರ್ಷಕ್ಕಿಂತ ಹೆಚ್ಚು ದುಡಿದ ನೌಕರನೊಬ್ಬ ದೂರಿಗೆ ಸಹಿ ಹಾಕಬೇಕು. ಆಗಸ್ಟ್ ತಿಂಗಳ ಕೊನೆಯ ಶುಕ್ರವಾರ, ನಮ್ಮ ಗಡಿಯಾರದ ಸಂಜೆ ಐದರೊಳಗೆ. ಭವ್ಯಶ್ರೀಗೆ ಅಷ್ಟು ವರ್ಷವಿಲ್ಲ. ನಿಂಗಯ್ಯನಿಗೆ ಇದೆ. ದೂರನ್ನು ನಾನೇ ಬರೆದು, ಅವನ ಬಳಿಗೆ ಕೊಂಡೊಯ್ದೆ.

ಮನೆಯ ಹಿಂದಿನ ಶೆಡ್ಡಿನಲ್ಲಿ ಅವನು ಏನು ಮಾಡುತ್ತಿದ್ದ ಎನ್ನುತ್ತೀರಿ? ಹಡಗಿನ ದೊಡ್ಡ ಮೆಟ್ಟಿಲ ಬಳಿ ತೂಗುಹಾಕುವ ಹೆಸರಿನ ಹಲಗೆ. ಮೇಲೆ ದೊಡ್ಡದಾಗಿ ಹಡಗಿನ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ಅದರ ಬಂದರಿನ ಹೆಸರು. ಹಳೆಯದರಲ್ಲಿ ಗ್ಲಾಸ್ಗೋ ಎಂದಿತ್ತು. ಹೊಸದಕ್ಕೆ, ಲೇಡಿ ಹ್ಯಾರಿಯೆಟ್ ಒಂದು ದಿನವೂ ಲಂಗರು ಹಾಕದ ಆ ದ್ವೀಪದ ಬಂದರಿನ ಹೆಸರನ್ನು ಕೆತ್ತಲು ಕಂಪನಿ ಇವನಿಗೇ ಹೇಳಿತ್ತು. ಇವನು ಆಗಲೆಂದಿದ್ದ.

"ನಿಂಗಯ್ಯ, ಇಲ್ಲಿ ಸಹಿ ಹಾಕು."

"ನೋಡಾಣ ಬುಡಿ ಮೇಡಮ್."

"ಯಾವಾಗ ನೋಡೋದು? ಅವಳ ಮಗು ಸ್ಕೂಲಿಗೆ ಹೋಗುವಾಗಲಾ?"

"ದೊಡ್ ಕಂಪ್ನಿ. ಯೋಚ್ನೆ ಮಾಡ್ದೆ ಮಾಡಿರಾಕಿಲ್ಲ."

"ಯೋಚನೆ ಮಾಡಿಯೇ ಮಾಡಿದ್ದಾರೆ ಕಣಯ್ಯ! ನಿನ್ನ ತಂಗಿ ಮಗಳ ಕೆಲಸ ಹೋಗ್ತಿದೆ, ನೀನು ಅವರ ಮದುವೆ ಮನೆಗೆ ಬೋರ್ಡು ಕೆತ್ತುತ್ತಾ ಕೂತಿದ್ದೀಯ."

ಬಾಗಿಲಲ್ಲಿ ನಿಂತಿದ್ದ ಚಲುವಮ್ಮ ಸೆರಗು ಕೊಡವಿದಳು. "ನಮ್ಮ ಮದ್ವೇಲೂ ಇವ್ರು ನೋಡಾಣ ಅಂತಾನೇ ಅಂತಿದ್ರು ಮೇಡಮ್. ಅವ್ರಪ್ಪ ಕತ್ತು ಹಿಡ್ದು ಹಸೆ ಮೇಲೆ ಕುಂಡ್ರಿಸುದ್ರು."

ನಿಂಗಯ್ಯ ಉಳಿಯಿಂದ ಕಣ್ಣೆತ್ತಲಿಲ್ಲ. "ಬರಿಯೋರು ನೀವು. ಹಡಗಲ್ಲಿ ಇರೋನು ನಾನು. ಅಲ್ಲಿ ಏನಾರ ಆದ್ರೆ ಯಾರ್ನ ಕೂಗ್ಲಿ?"

ಅದು ನಿಜವಾದ ಭಯ, ನನಗೂ ಅರ್ಥವಾಯಿತು. ಅರ್ಥವಾದದ್ದಕ್ಕೆ ಸಿಟ್ಟು ಇನ್ನೂ ಹೆಚ್ಚಿತು. ಇಂಥ ಭಯ ಇರುತ್ತದೆಂದು ಗೊತ್ತಿದ್ದೇ ಅವರು ಒಂಬತ್ತನೆಯ ಪುಟ ಬರೆದಿರುತ್ತಾರೆ. ಕಾಗದವನ್ನು ಅವನ ಅಂಟಿನ ಡಬ್ಬಿಯ ಕೆಳಗೆ ಸಿಕ್ಕಿಸಿ ಬಂದೆ.

ಮುಂದಿನ ಮೂರು ವಾರ ನನ್ನ ಅಡುಗೆಮನೆಯ ಕಿಟಕಿಯಿಂದ ಅವನ ಕೆಲಸ ನೋಡಿದೆ. ಮೊದಲು ಬಿಳಿ ಮರದಲ್ಲಿ ಅಕ್ಷರ ಕತ್ತರಿಸುತ್ತಾನೆ. ಅದನ್ನು ಬೀಟೆಯ ಮೇಲಿಟ್ಟು ಸುತ್ತಲೂ ಸೂಜಿಯಿಂದ ಗೀರಿ, ಗೀರಿನೊಳಗೆ ಗುಳಿ ತೋಡುತ್ತಾನೆ. ಕೊನೆಗೆ ಅಂಟು. ಅಂಟು ಬಿದ್ದ ಮೇಲೆ ಆ ಅಕ್ಷರ ಹಲಗೆಯದೇ ಆಗಿಬಿಡುತ್ತದೆ, ಒಡೆಯದೆ ತೆಗೆಯಲಾಗದು. ಇದೆಲ್ಲಕ್ಕೂ ಅವನಿಗೆ ಸಮಯವಿತ್ತು, ಒಂದು ಸಹಿಗೆ ಇರಲಿಲ್ಲ.

ಆ ಶುಕ್ರವಾರ ಐದರವರೆಗೆ ಕಾದೆ. ಐದೂಕಾಲಿಗೆ ಚಲುವಮ್ಮ ಬಂದು ಕಾಗದವನ್ನು ಹಿಂದಕ್ಕೆ ಕೊಟ್ಟಳು. ಮರದ ಪುಡಿ ಹತ್ತಿತ್ತು, ಸಹಿಯ ಜಾಗ ಖಾಲಿ ಇತ್ತು. ಭವ್ಯಶ್ರೀಗೆ ಫೋನ್ ಮಾಡಿದೆ. "ಹೋಗ್ಲಿ ಬಿಡಿ ಮೇಡಮ್, ಮಾವ ಮೊದಲಿಂದ್ಲೂ ಹಂಗೇ," ಎಂದಳು. ಅವಳ ಮೇಲೂ ಸಿಟ್ಟು ಬಂತು. ಎಲ್ಲರೂ ಬಿಟ್ಟುಕೊಡುತ್ತಾ ಹೋದರೆ ತೆಗೆದುಕೊಳ್ಳುವವರಿಗೆ ಶ್ರಮವೇ ಇಲ್ಲ.

ಸೆಪ್ಟೆಂಬರ್‌ನಲ್ಲಿ ಅವನು ಹೊರಡುವ ದಿನ ಬೆಳಿಗ್ಗೆ ಶೆಡ್ಡಿಗೆ ಹೋದೆ. ಹೇಡಿ ಎಂಬ ಮಾತನ್ನು ಅವನ ಮುಖಕ್ಕೇ ಹೇಳಿ ಕಳಿಸಬೇಕೆಂದು. ಮೇಜಿನ ಮೇಲೆ ಹಲಗೆ ಮಲಗಿತ್ತು. ಪಕ್ಕದಲ್ಲಿ ಸುತ್ತಲು ಹಳೆಯ ದುಪ್ಪಟಿ. ಪಾಲಿಷ್ ಹೊಡೆದ ಬೀಟೆಯಲ್ಲಿ ಬಿಳಿ ಅಕ್ಷರಗಳು. ಅಷ್ಟು ಚೆನ್ನಾಗಿರಬಾರದಿತ್ತು.

ಬಂದರಿನ ಹೆಸರಿನ ಮೊದಲ ಅಕ್ಷರದ ಮೇಲೆ ಬೆರಳಿಟ್ಟೆ. ಹಾಲುಹಲ್ಲಿನಂತೆ ಅಲುಗಿತು. ಮೇಲಿನ ಸಾಲಿನ ಹಡಗಿನ ಹೆಸರನ್ನು ಮುಟ್ಟಿ ನೋಡಿದೆ, ಅದು ಕಲ್ಲಿನಂತಿತ್ತು. ನಿಂಗಯ್ಯ ಅಲುಗಿದ ಅಕ್ಷರವನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಕೂರಿಸಿದ.

"ಕೆಳಗಿನ ಸಾಲಿಗೆ ಅಂಟು ಹಾಕಿಲ್ಲ," ಎಂದೆ.

"ಇಲ್ಲ."

"ಮರೆತೆಯಾ?"

"ಅದೆಂಗೆ ಮರೀತೀನಿ ಮೇಡಮ್?" ದುಪ್ಪಟಿಯನ್ನು ಹರವಿಕೊಂಡ. "ನಮ್ಮೂರ ಹವಾಕ್ಕೆ ನಿಂತದೆ. ಅಲ್ಲಿ ಎ.ಸಿ. ಗಾಳಿಗೆ ಮರ ಸೊರಗ್ತದೆ. ತಿಂಗ್ಳು, ಎರಡು ತಿಂಗ್ಳು. ಆಮೇಲೆ ಒಂದೊಂದಾಗಿ ಉದುರ್ತವೆ. ಗಂಡು ಹೆಣ್ಣು ಫೋಟೋಗೆ ನಿಲ್ಲೋದು ಅದ್ರ ಕೆಳಗೇಯ."

"ಇದರಿಂದ ಭವ್ಯಶ್ರೀಗೆ ಕೆಲಸ ವಾಪಸ್ ಬರೋದಿಲ್ಲ."

"ಬರಾಕಿಲ್ಲ."

"ಯಾರು ಮಾಡಿದ್ದು ಅಂತ ಕೇಳುತ್ತಾರೆ. ಆಗೇನು ಮಾಡ್ತೀಯ?"

ಅವನು ಹಲಗೆಯನ್ನು ಎರಡು ಕೈಯಲ್ಲಿ ಹಿಡಿದು ದುಪ್ಪಟಿಯ ಮೇಲೆ ಬೋರಲು ಮಲಗಿಸಿದ. ಹಿಂಬದಿಯಲ್ಲಿ, ಮೂಲೆಯಲ್ಲಲ್ಲ, ನಟ್ಟ ನಡುವೆ, ಬಿಳಿ ಮರದಲ್ಲಿ ಕನ್ನಡ ಅಕ್ಷರಗಳು ಕೂತಿದ್ದವು. ದೊಡ್ಡದಾಗಿ 'ನಿಂಗಯ್ಯ'. ಕೆಳಗೆ ಸಣ್ಣದಾಗಿ 'ಮೈಸೂರು'.

ಒಂದು ಅಕ್ಷರವನ್ನು ಉಗುರು ಹಾಕಿ ಎಬ್ಬಿಸಲು ನೋಡಿದೆ. ಏಳಲಿಲ್ಲ.