ಮರಿಯಪ್ಪನ ಕೈ ಹಚ್ಚಿದ ಕೆಂಡ

ಬಿಡದಿಯ ಹೆದ್ದಾರಿ ಬದಿಯ ಅನಂತರಾಜುವಿನ ಹೋಟೆಲಿಗೆ ಬಂದು, ಕಬಾಬು ತಿಂದು, ಬೆರಳು ಚೀಪಿಕೊಂಡು ಹೋದವರಿಗೆ ಲೆಕ್ಕವಿಲ್ಲ. ಆದರೆ ಆ ಕಬಾಬು ಸುಡುವ ಸಿಗಡಿಯ ಬೂದಿಯನ್ನು ಬೆಳಿಗ್ಗೆ ಯಾರು ಬಾಚುತ್ತಾರೆ ಎಂದು ಕೇಳಿದ ಪುಣ್ಯಾತ್ಮ ಒಬ್ಬನೂ ಇಲ್ಲ. ಹೊಟ್ಟೆ ತುಂಬಿದವರಿಗೆ ಒಲೆ ನೆನಪಾಗುವುದುಂಟೆ? ಕೇಳಿದ್ದರೆ ಸರಸಮ್ಮನ ಹೆಸರು ಹೇಳಬೇಕಾಗುತ್ತಿತ್ತು.

ಸಿಗಡಿ ಎಂದರೆ ಅಂಗೈಯಗಲದ್ದಲ್ಲ. ಆಳುದ್ದದ ಕಬ್ಬಿಣದ ತೊಟ್ಟಿ, ಸೊಂಟದ ಮಟ್ಟಕ್ಕೆ ಕಾಲು, ತಳದಲ್ಲಿ ಗಾಳಿಯಾಡಲು ಸಾಲು ತೂತು. ಬೂದಿ ಕಟ್ಟಿಕೊಂಡು ತೂತು ಮುಚ್ಚಿದರೆ ಬೆಂಕಿಗೆ ಉಸಿರು ಕಟ್ಟುತ್ತದೆ, ಕೋಳಿ ಅರ್ಧ ಬೆಂದು ಅರ್ಧ ಹಸಿಯಾಗುತ್ತದೆ, ಗಿರಾಕಿ ಬೈಯುತ್ತಾನೆ. ಅದಕ್ಕೇ ಸರಸಮ್ಮ ದಿನಾ ಬೆಳಿಗ್ಗೆ ಮೇಲಿನ ಜಾಲರಿ ಎತ್ತಿಟ್ಟು, ಸಲಿಕೆಯಲ್ಲಿ ಬೂದಿ ಎಳೆದು ಬಾಂಡ್ಲಿಗೆ ತುಂಬಿ, ಕಬ್ಬಿಣದ ಕಡ್ಡಿಯಲ್ಲಿ ಒಂದೊಂದೇ ತೂತು ಬಿಡಿಸಿ, ಬೂದಿಯನ್ನು ಹಿತ್ತಲಿನ ಬಾಳೆಗಿಡಗಳ ಪಕ್ಕದ ಗುಂಡಿಗೆ ಸುರಿದು ಬರುತ್ತಾಳೆ.

ಕೆಲಸ ಕೊಳಕು ಎನ್ನುವವರು ಎನ್ನಲಿ. ಸರಸಮ್ಮನಿಗೆ ಮಾತ್ರ ಆ ಬೂದಿಯನ್ನು ಕಂಡರೆ ಇಂದಿಗೂ ಬೆರಗು. ರಾಗಿಹಿಟ್ಟಿಗಿಂತ ನಯ, ಹಿಡಿಯಲು ಹೋದರೆ ಬೆರಳ ಸಂದಿಯಲ್ಲಿ ನೀರಿನಂತೆ ಜಾರುತ್ತದೆ. ನಿನ್ನೆ ಅದೇ ತೊಟ್ಟಿಗೆ ಮೂಟೆಗಟ್ಟಲೆ ಇದ್ದಿಲು ಬಿದ್ದಿತ್ತು. ಅದಕ್ಕೂ ಮುಂಚೆ ಅದು ಎಲ್ಲೋ ಮಳೆ ಬಿಸಿಲು ಕುಡಿದು ನಿಂತಿದ್ದ ಮರ. ಈಗ ನೋಡಿದರೆ ಒಂದು ಬಾಂಡ್ಲಿಯೂ ತುಂಬುವುದಿಲ್ಲ. ‘ಅಷ್ಟು ದೊಡ್ಡ ಮರ ಎಲ್ಲಿಗೋಯ್ತವ್ವಾ?’ ಎಂದು ತನ್ನಷ್ಟಕ್ಕೇ ಕೇಳಿಕೊಂಡು ಕ್ಷಣ ಹೊತ್ತು ನಿಲ್ಲುವುದು ಅವಳ ಅಭ್ಯಾಸ.

ಈ ಕೆಲಸ ಮೊದಲು ಅವಳದಲ್ಲ, ಗಂಡ ಮರಿಯಪ್ಪನದು. ಬೈರಮಂಗಲದ ಒಕ್ಕಲು ಮನೆಯ ಮಗ. ಇದ್ದ ತುಂಡು ಹೊಲವನ್ನು ತಮ್ಮನಿಗೆ ನೋಡಿಕೊಳ್ಳಲು ಬಿಟ್ಟು ಈ ಸಿಗಡಿಯ ಮುಂದೆ ಬಂದು ನಿಂತವನು, ಹೋಟೆಲು ಶುರುವಾದಾಗಿನಿಂದ ಕದಲಿದವನಲ್ಲ. ಅವನದೊಂದು ಹಟವಿತ್ತು. ಸಿಗಡಿಗೆ ಬೆಂಕಿಕಡ್ಡಿ ಗೀರುತ್ತಿರಲಿಲ್ಲ. ಅಂಗಡಿ ಮುಚ್ಚುವಾಗ ಉಳಿದ ಕೆಂಡವನ್ನೆಲ್ಲ ಒಂದು ಮೂಲೆಗೆ ಕೂಡಿಸಿ, ಮೇಲೆ ದಪ್ಪಗೆ ಬೂದಿ ಎಳೆದು, ಸಲಿಕೆಯ ಬೆನ್ನಿನಿಂದ ಮೆಲ್ಲಗೆ ಎರಡು ಸಲ ತಟ್ಟುತ್ತಿದ್ದ. ತೊಟ್ಟಿಲ ಕೂಸನ್ನು ಮಲಗಿಸುವ ಹಾಗೆ. ಬೆಳಿಗ್ಗೆ ಕೆದಕಿ ಊದಿದರೆ ಕೆಂಪಗೆ ಕಣ್ಣು ಬಿಡುತ್ತಿತ್ತು. ಬಿರಿಯಾನಿ ಮಾಡುವ ಮುನೇಶ, ಲೈಟರ್ ಇರುವಾಗ ಇದೆಲ್ಲ ಯಾಕಣ್ಣ ಎಂದು ಛೇಡಿಸಿದರೆ, “ಮಲಗಿರೋ ಬೆಂಕಿನ ಏಳ್ಸೋದು ಬುಟ್ಟು ಹೊಸ ಬೆಂಕಿ ಯಾಕ್ಲಾ ಉಟ್ಟಿಸ್ಬೇಕು?” ಎನ್ನುತ್ತಿದ್ದ.

ಶ್ರಾವಣ ಕಳೆದ ಮೇಲೆ ಒಂದು ರಾತ್ರಿ ಹಾಗೆ ಕೆಂಡಕ್ಕೆ ಬೂದಿ ಹೊದಿಸಿ, ಸಲಿಕೆ ಗೋಡೆಗೆ ಒರಗಿಸಲು ಹೋದವನು ಹಾಗೇ ಕುಸಿದ. ಲಕ್ವ ಹೊಡೆದಿತ್ತು. ರಾಮನಗರದ ಆಸ್ಪತ್ರೆಯಿಂದ ಮನೆಗೆ ಬಂದಾಗ ಪ್ರಾಣ ಉಳಿದಿತ್ತು, ಮಾತು ಇರಲಿಲ್ಲ. ಬಲಗೈ ಕೊರಡಿನಂತೆ ಪಕ್ಕದಲ್ಲಿ ಬಿದ್ದಿರುತ್ತಿತ್ತು. “ಕೈ ಬಂದರೂ ಬರಬಹುದಮ್ಮ, ಈಗಲೇ ಹೇಳೋಕಾಗಲ್ಲ” ಎಂದಿದ್ದರು ಡಾಕ್ಟರು. ಹೇಳಲಾಗದ ಮಾತನ್ನು ಹಿಡಿದುಕೊಂಡು ಹೆಂಗಸು ಹೇಗೆ ಬದುಕಬೇಕು?

ಸರಸಮ್ಮ ಬೇರೊಂದನ್ನು ಹಿಡಿದುಕೊಂಡಳು. ಗಂಡ ಬಿದ್ದ ದಿನ ಹೊದಿಸಿಟ್ಟ ಕೆಂಡವನ್ನು, ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನವೂ, ಮುನೇಶ, ಮರಿಯಪ್ಪಣ್ಣನ ರೂಢಿ ಮುರಿಯಬಾರದೆಂದು ಹಾಗೇ ಮುಚ್ಚಿ ತೆಗೆದು ನಡೆಸಿದ್ದ. ಗಂಡನ ಜಾಗಕ್ಕೆ ಕೆಲಸಕ್ಕೆ ಬಂದ ಮೊದಲ ದಿನ ಅವಳು ಬೂದಿ ಕೆದಕಿದಾಗ ಆ ಕೆಂಪು ಕಂಡು ಅವಳ ಎದೆ ಝಲ್ಲೆಂದಿತು. ಇದು ಅವರ ಆ ಕೈ ಹಚ್ಚಿದ ಬೆಂಕಿ. ಇದು ಆರದಿರುವ ತನಕ ಆ ಕೈಯೂ ಸತ್ತಿಲ್ಲ. ಹಾಗೆಂದು ಯಾರಿಗೂ ಹೇಳಲಿಲ್ಲ, ನಗುತ್ತಾರೆಂದು. ದೇವಿ ಕಬ್ಬಾಳಮ್ಮನಿಗೆ ಮಾತ್ರ ಹೇಳಿಕೊಂಡಳು. ಅಂದಿನಿಂದ ದಿನವೂ ಬೂದಿ ಬಾಚುವ ಮೊದಲು ಕೆಂಡ ಕೆದಕಿ ನೋಡುತ್ತಿದ್ದಳು, ಕೆಂಪು ಕಂಡು ಅದನ್ನು ಪಕ್ಕಕ್ಕೆ ಸರಿಸಿದ ಮೇಲೆಯೇ ಸಲಿಕೆ ಹಿಡಿಯುತ್ತಿದ್ದಳು.

ಹೀಗಿರುವಾಗ ಆಯುಧಪೂಜೆ ಬಂತು.

ಗಂಡನಿಗೆ ಎರೆದು, ಮಡಿಬಟ್ಟೆ ಉಡಿಸಿ, ಸರಸಮ್ಮ ಹೋಟೆಲಿಗೆ ಬರುವಾಗ ಬಿಸಿಲೇರಿತ್ತು. ಬಾಗಿಲಿಗೆ ಮಾವಿನ ತೋರಣ, ಅನಂತರಾಜುವಿನ ಸ್ಕೂಟರಿಗೆ ಬಾಳೆಕಂದು, ಹೊಸ್ತಿಲ ಬಳಿ ಒಡೆಯಲು ಬೂದುಗುಂಬಳಕಾಯಿ. ಒಳಗೆ ಕಾಲಿಟ್ಟವಳು ಸಿಗಡಿ ಕಂಡು ನಿಂತಲ್ಲೇ ನಿಂತಳು. ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಮೈಮೇಲೆ ಮೂರು ಎಳೆ ವಿಭೂತಿ, ನಡುವೆ ಕುಂಕುಮ, ನಾಲ್ಕು ಕಾಲಿಗೂ ಸೇವಂತಿಗೆ ಹಾರ. ಪಕ್ಕದಲ್ಲಿ ಸಲಿಕೆ, ಕಡ್ಡಿ, ಇಕ್ಕಳ ಎಲ್ಲ ಸಾಲಾಗಿ ಪೂಜೆಗೆ ಕೂತಿದ್ದವು. ಬೂದಿಯ ಒಂದು ಕಣವೂ ಇರಲಿಲ್ಲ.

“ಎಂಗೈತಕ್ಕ?” ಎಂದ ಮುನೇಶ, ಮುಖವೆಲ್ಲ ನಗುವಾಗಿ. “ನಿಂಗೆ ಮನೇಲೂ ಕೆಲ್ಸ, ಇಲ್ಲೂ ಕೆಲ್ಸ ಅಂತ ಬೆಳಿಗ್ಗೆ ಎದ್ದೋನೇ ನಾನೇ ತೊಳ್ದಾಕ್ಬುಟ್ಟೆ. ಸೋಪಾಕಿ ಉಜ್ಜಿವ್ನಿ!”

ಗಣೇಶನ ಮಾಡಲು ಹೋಗಿ ಅವರಪ್ಪನ ಮಾಡಿದ ಎಂದರೆ ಇದೇ. ಸರಸಮ್ಮ ಅಲ್ಲೇ ನೆಲಕ್ಕೆ ಕುಕ್ಕರಿಸಿದಳು.

“ಕೆಂಡ ಏನ್ಮಾಡ್ದೆ ಮುನೇಶ?”

“ಪೂಜೆಗೆ ತೊಳೀವಾಗ ಯಾವ ಕೆಂಡ ಅಕ್ಕ? ಬೂದಿ ಸಮೇತ ಗುಂಡಿಗೆ ಸುರ್ದೆ. ಹುಲ್ಲುಗಿಲ್ಲು ಹತ್ತಿಕೊಂಡಾತು ಅಂತ ಮೇಲೆ ಎರಡು ಬಕೆಟ್ ನೀರೂ ಹುಯ್ದೆ. ನಾಳೆ ಹೊಸ್ದಾಗಿ ಹಚ್ಚುದ್ರಾಯ್ತು ಬುಡು.”

“ಅದು ನಿಮ್ಮಣ್ಣನ ಕೈ ಹಚ್ಚಿದ್ದು ಕಣೋ,” ಎಂದಳು ಸರಸಮ್ಮ. ಇಷ್ಟು ದಿನ ಬಚ್ಚಿಟ್ಟಿದ್ದು ಒಂದೇ ಉಸಿರಿಗೆ ಹೊರಬಂತು. “ಬಿದ್ದ ದಿನದ್ದು. ಅದು ಆರೋಗದೇ ಇದ್ರೆ ಕೈ ಬತ್ತದೆ ಅಂತಿದ್ದೆ. ಈಗ ಏನ್ ಮಾಡ್ಲಪ್ಪ ನಾನು?”

ಮುನೇಶನ ನಗು ಎಲ್ಲಿ ಹೋಯಿತೋ. ತಲೆ ಕೆರೆದುಕೊಂಡ. ಆಮೇಲೆ ಏನೋ ನೆನಪಾಗಿ, “ಅಕ್ಕ, ಪ್ರತಿ ವರ್ಷ ಪೂಜೆಗೆ ಸಿಗಡಿ ತೊಳೀತಿದ್ದೋ. ಅಣ್ಣ ತಾನೇ ಬೂದಿ ಗುಂಡಿಗೆ ಸುರ್ದು, ಪೂಜೆ ಆದ್ಮೇಲೆ ಅಲ್ಲೋಗಿ ಏನೋ ಕೆದಕ್ತಾ ಕೂರ್ತಿದ್ದ. ನಾನು ಬೀಡಿ ಸೇದೋಕೋಗವ್ನೆ ಅಂದ್ಕೊಂಡಿದ್ದೆ” ಎಂದ.

ಸರಸಮ್ಮ ಎದ್ದು ಹಿತ್ತಲಿಗೆ ಓಡಿದಳು. ಗುಂಡಿಯ ಮೇಲೆಲ್ಲ ನೀರು ಬಿದ್ದು ಬೂದಿ ಕಪ್ಪು ಕೆಸರಾಗಿತ್ತು. ಸಲಿಕೆಗೆ ತಿರುಗಿದವಳಿಗೆ ಅದು ಪೂಜೆಗೆ ಕೂತಿರುವುದು ನೆನಪಾಯಿತು. ಆಯುಧಪೂಜೆಯ ದಿನ ಕುಂಕುಮ ಇಟ್ಟ ಹತಾರ ಮುಟ್ಟುವುದುಂಟೆ? ಅವಕ್ಕೂ ವರ್ಷಕ್ಕೊಂದು ದಿನ ಬಿಡುವು ಬೇಕು. ಸೀರೆ ಸೆರಗು ಸಿಕ್ಕಿಸಿ, ಬರಿಗೈ ಇಳಿಸಿದಳು.

ಮೇಲಿನ ಪದರ ತಣ್ಣಗಿತ್ತು, ಅಂಟಂಟು. ಅವಳ ಜೀವವೂ ತಣ್ಣಗಾಯಿತು. ಇನ್ನೂ ಕೆಳಗೆ ಹೋದಳು. ಅಲ್ಲಿ ಬೂದಿ ನೆನೆದೇ ಇರಲಿಲ್ಲ! ಎರಡು ಬಕೆಟ್ ನೀರು ಹುಯ್ದರೂ ಮೇಲಿನ ಬೂದಿಯೇ ಅದನ್ನು ಕುಡಿದು ಹೆಪ್ಪುಗಟ್ಟಿ, ತಾನೇ ಮುಚ್ಚಳವಾಗಿತ್ತು. ಮೊಣಕೈವರೆಗೆ ಕೈ ಹೋದಾಗ ಬೆಚ್ಚಗಾಯಿತು. ಸೀಗೆಪುಡಿ ಹಾಕಿ ಎರೆಯುವ ನೀರಿನಷ್ಟು ಬೆಚ್ಚಗೆ. ಅವಳು ಕೈಯನ್ನು ಅಲ್ಲೇ ಇಟ್ಟುಕೊಂಡಳು. ಬೂದಿಯ ಒಳಗೆ ಯಾರೋ ಮಲಗಿದ್ದಾರೆ, ಎಬ್ಬಿಸುವುದಕ್ಕೂ ಭಯ. ಆಮೇಲೆ ಬೆರಳು ಸುರ್ರೆಂದಿತು.

“ಅಯ್ಯೋ ನಮ್ಮವ್ವಾ!” ಎಂದು ಕೂಗಿದಳು. ಸುಟ್ಟಿದ್ದಕ್ಕೆ ಅಷ್ಟು ಸಂತೋಷಪಟ್ಟವರು ಬಿಡದಿಯಲ್ಲಿ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಮುನೇಶ ತೆಂಗಿನ ಕರಟ ತಂದುಕೊಟ್ಟ. ಕರಟದಲ್ಲಿ ಬೂದಿ ಸರಿಸಿ ಎತ್ತಿದರೆ ಅಡಕೆಯಷ್ಟು ದಪ್ಪದ ಒಂದೇ ಒಂದು ಕೆಂಡ. ಹೊರಗೆ ಬೂದು, ಏನೂ ಇಲ್ಲದ ಹಾಗೆ. ಸರಸಮ್ಮ ಊದಿದಳು. ಬೂದಿ ಹಾರಿ, ಒಳಗಿನಿಂದ ಕೆಂಪು ಏರಿತು, ಇಳಿಯಿತು, ಮತ್ತೆ ಏರಿತು. ಕೆಂಡ ಉಸಿರಾಡುವುದನ್ನು ಅವಳು ಕಣ್ಣಾರೆ ಕಂಡಳು. ಮುನೇಶ ಕೈ ಮುಗಿದದ್ದು ಅವನಿಗೇ ಗೊತ್ತಾಗಲಿಲ್ಲ.

“ರಾಹುಕಾಲ ಬಂದ್ಬುಡ್ತದೆ, ಎಲ್ಲೋದ್ರಿ ಎಲ್ಲಾ?” ಎಂದು ಗೊಣಗಿಕೊಂಡು ಹಿತ್ತಲಿಗೆ ಬಂದ ಅನಂತರಾಜು ಕರಟ ನೋಡಿದ, ಮೊಣಕೈತನಕ ಬೆಳ್ಳಗಾದ ಸರಸಮ್ಮನ ಕೈ ನೋಡಿದ. ಮುನೇಶ ವಿಷಯ ಹೇಳಿದ. ಸಾಹುಕಾರ ಬಗ್ಗಿ ಕೆಂಡವನ್ನು ಇನ್ನೊಮ್ಮೆ ನೋಡಿದ. “ಇವತ್ತು ಸಿಗಡಿ ಹಚ್ಚಂಗಿಲ್ಲ,” ಎಂದ. “ಧೂಪಕ್ಕೆ ಹೇಗೂ ಕೆಂಡ ಬೇಕಲ್ಲ. ಇದನ್ನೇ ಇಡಣ ಸರಸಮ್ಮ.”

ಹೊಸ ಇದ್ದಿಲ ಚೂರುಗಳ ನಡುವೆ ಆ ಕೆಂಡವನ್ನಿಟ್ಟು ಊದಿ, ಸಾಂಬ್ರಾಣಿ ಉದುರಿಸಿದರು. ಹೊಗೆ ಎದ್ದು ಸಿಗಡಿ, ಸಲಿಕೆ, ಬಿರಿಯಾನಿ ಹಂಡೆ ಎಲ್ಲವನ್ನೂ ಸುತ್ತಿಕೊಂಡಿತು. ಪೂಜೆ ಮುಗಿದ ಮೇಲೆ ಸರಸಮ್ಮ ಕೆಂಡಗಳನ್ನು ಒಂದು ಮಣ್ಣಿನ ಕುಡಿಕೆಗೆ ಹಾಕಿ, ಗುಂಡಿಯ ಒಣಬೂದಿ ತುಂಬಿ, ಹಿತ್ತಲ ಮೂಲೆಯಲ್ಲಿಟ್ಟು ಮನೆಗೆ ಹೊರಟಳು.

ಮರಿಯಪ್ಪ ಮಂಚದ ಮೇಲೆ ಒರಗಿದ್ದ. ಅವಳ ಸೀರೆಯ ಸಾಂಬ್ರಾಣಿ ವಾಸನೆಗೆ ಮೂಗರಳಿಸಿದ. ಸರಸಮ್ಮ ಪಕ್ಕ ಕೂತು ಎಲ್ಲ ಹೇಳಿದಳು, ಸೋಪಿನಿಂದ ಹಿಡಿದು ಕರಟದ ತನಕ. “ಗುಂಡಿ ಗುಟ್ಟು ನಂಗೊಂದು ಮಾತು ಹೇಳ್ಬಾರ್ದಿತ್ತಾ ನೀವು? ನನ್ನ ಜೀವನೇ ಹೋಗಿತ್ತು” ಎಂದು ಜಗಳವನ್ನೂ ಆಡಿದಳು. ಸೊಟ್ಟಗಾದ ಬಾಯಲ್ಲೇ ಅವನು ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದು. ಅವಳು ಅವನ ಬಲಗೈ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳು ನೀವಿದಳು. ಅದು ಅಲುಗಲಿಲ್ಲ. ಸುಟ್ಟ ಬೆರಳಿನ ಉರಿಗಿಂತ ಹೆಚ್ಚಾಗಿ ಅದು ಅವಳನ್ನು ಉರಿಸಿತು. ಕಣ್ಣೀರು ತಡೆಯಲಾಗಲಿಲ್ಲ.

“ಕೆಂಡ ಸಿಕ್ತು. ಕೈ ಮಾತ್ರ...” ಎಂದಳು.

ಮರಿಯಪ್ಪ ಅವಳನ್ನು ನೋಡಿದ. ಎಡಗೈ ಚಾಚಿ, ಆ ಬಲಗೈಯನ್ನು ಅವಳ ತೊಡೆಯಿಂದ ಮೆಲ್ಲಗೆ ಎಳೆದುಕೊಂಡು ತನ್ನ ಪಕ್ಕದಲ್ಲಿಟ್ಟ. ಕಾಲ ಬಳಿಯ ಕಂಬಳಿ ಎಳೆದು ಅದರ ಮೇಲೆ ದಪ್ಪಗೆ ಹೊದಿಸಿದ. ಅಂಗೈಯಿಂದ ಮೆಲ್ಲಗೆ ತಟ್ಟಿದ. ಇನ್ನೊಂದು ಸಲ ತಟ್ಟಿದ.

ಸರಸಮ್ಮನಿಗೆ ಮೈ ಜುಮ್ಮೆಂದಿತು. ಆ ಕಂಬಳಿಯನ್ನೇ ನೋಡಿದಳು. ಆಮೇಲೆ ಬೂದಿ ಹತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡಳು.

“ಹೂಂ,” ಎಂದಳು. “ಬೆಳಿಗ್ಗೆ ಕೆದಕಿ ನೋಡ್ತೀನಿ.”