ಸೊನ್ನೆ ಬಿದ್ದುಹೋದ ಗುಂಟೆಗಳು

ಎಂಬತ್ತರ ದಶಕದ ಕೊನೆಗೆ ತಿಪಟೂರಿನ ಟೈಪಿಂಗ್ ಶಾಲೆಯೊಂದಕ್ಕೆ ಕಂಪ್ಯೂಟರ್ ಬಂತು. ಅಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದ ನನ್ನನ್ನೇ ಅದರ ಮುಂದೆ ಕೂರಿಸಿದರು. ಕಾಲುವೆ ತೋಡಲು ಸರ್ಕಾರ ತೆಗೆದುಕೊಳ್ಳುವ ತೋಟಗಳ ಪಟ್ಟಿ ಮಾಡಿಕೊಡುವ ಕೆಲಸ ತುರುವೇಕೆರೆಯ ಕಚೇರಿಯೊಂದರಿಂದ ಸಿಕ್ಕಿತ್ತು. ತೋಟ ಕಳೆದುಕೊಂಡವರಿಗೆ ಬದಲಿ ಜಮೀನು ಕೊಡುವುದು ಆ ಪಟ್ಟಿ ನೋಡಿಯೇ.

ನಲವತ್ತು ಗುಂಟೆಗೆ ಒಂದು ಎಕರೆ. ಒಂದು ಎಕರೆ ಇಪ್ಪತ್ತು ಗುಂಟೆಯನ್ನು 1.20 ಎಂದು ಬರೆಯುವುದು ರೂಢಿ. ನಾನೂ ಹಾಗೇ ಒತ್ತಿದೆ. ಆ ಕಾಲಂ ಅನ್ನು ಅಕ್ಷರದ ಹಾಗೆ ಇಟ್ಟುಕೋ ಎಂದು ಯಂತ್ರಕ್ಕೆ ಮೊದಲೇ ಹೇಳಬೇಕಿತ್ತು; ನನಗದು ಗೊತ್ತಿರಲಿಲ್ಲ. ಯಂತ್ರ ಅದನ್ನು ಲೆಕ್ಕದ ಸಂಖ್ಯೆ ಎಂದುಕೊಂಡು ಕೊನೆಯ ಸೊನ್ನೆಯನ್ನು ತೆಗೆದುಹಾಕಿ 1.20 ಅನ್ನು 1.2 ಮಾಡಿತು. ಇಪ್ಪತ್ತು ಗುಂಟೆ ಎರಡಾಯಿತು, ಹತ್ತು ಒಂದಾಯಿತು. ನಾನು ಹೆಸರು, ಸರ್ವೆ ನಂಬರು ಮಾತ್ರ ತಾಳೆ ನೋಡಿ ಕಳಿಸಿಬಿಟ್ಟೆ.

ಗೊತ್ತಾಗಿದ್ದು ಬಿಳಿಗೆರೆಯ ರೈತರೊಬ್ಬರು ಪಟ್ಟಿಯ ಪ್ರತಿ ಹಿಡಿದುಕೊಂಡು ಬಂದಾಗ. "ನಮ್ಮ ತೋಟ ಎಲ್ಲಿಗೆ ಹೋಯ್ತವ್ವ?" ಎಂದು ಮೆಲ್ಲಗೆ ಕೇಳಿದರು. ಕೈಬರಹದ ಮೂಲ ತೆಗೆದು ನೋಡಿದೆ. ಹನ್ನೊಂದು ಮನೆಯವರ ತೋಟ ಹಾಗೇ ಆಗಿತ್ತು.

ಮರುದಿನವೇ ಕಚೇರಿಗೆ ಹೋಗಿ ತಪ್ಪು ನನ್ನದೆಂದೆ. ಪಟ್ಟಿಗೆ ಸಹಿ ಬಿದ್ದಿದೆ, ಇನ್ನು ಒಬ್ಬೊಬ್ಬರೂ ತಕರಾರು ಅರ್ಜಿ ಕೊಡಬೇಕು, ಉಳಿದಿರುವುದು ನಾಲ್ಕೇ ದಿನ ಎಂದರು ಗುಮಾಸ್ತರು. ಅರ್ಜಿಗಳನ್ನು ನಾನೇ ಟೈಪ್ ಮಾಡಿ, ಊರೂರು ಅಲೆದು ಹತ್ತು ಮನೆಯವರಿಂದ ಸಹಿ ಮಾಡಿಸಿ ಕೊಟ್ಟೆ. ಕೆಲವರು ಬೈದರು. ಒಬ್ಬರು ಒಳಗೆ ಕರೆಯಲೇ ಇಲ್ಲ.

ಹನ್ನೊಂದನೆಯದು ಅಜ್ಜಿಯೊಬ್ಬರದು. ಅವರಿಗಿದ್ದುದೇ ಹತ್ತು ಗುಂಟೆ, ಹದಿನೇಳು ತೆಂಗಿನ ಮರ. ಮನೆಗೆ ಬೀಗ. ಮಗಳ ಬಾಣಂತನಕ್ಕೆ ಚಿಕ್ಕನಾಯಕನಹಳ್ಳಿಗೆ ಹೋಗಿದ್ದಾರೆ ಎಂದರು ಪಕ್ಕದವರು. ಬೀದಿ ಯಾವುದೆಂದು ಅವರಿಗೂ ತಿಳಿಯದು. ಕಡೆಯ ದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಹೋಗಿ, ಬಾಣಂತಿ ಇರುವ ಮನೆ ಎಲ್ಲಿ ಎಂದು ಬೀದಿ ಬೀದಿಯಲ್ಲಿ ಕೇಳಿದೆ. ಸಿಕ್ಕಾಗ ಮಧ್ಯಾಹ್ನ ಎರಡು ದಾಟಿತ್ತು. ಅಜ್ಜಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದರು. ಆದದ್ದನ್ನೆಲ್ಲ ಹೇಳಿದೆ.

"ಕಣ್ಣಿಗೆ ಕಾಣೋ ತೋಟ ಕಣವ್ವ. ಬರವಣಿಗೇಲಿ ಹೆಂಗೆ ಕಳೆದೋಗುತ್ತೆ?" ಎಂದರು.

ಹೆಬ್ಬೆಟ್ಟು ಒತ್ತಿಸಿಕೊಂಡು ಓಡಿದೆ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ತುರುವೇಕೆರೆ ಮುಟ್ಟುವಷ್ಟರಲ್ಲಿ ಕಚೇರಿಯ ಬಾಗಿಲು ಹಾಕಿಯಾಗಿತ್ತು. ಕಟ್ಟೆಯ ಮೇಲೆ ಕೂತು ಅತ್ತೆ.

ಮರುದಿನ ಅರ್ಜಿ ತೆಗೆದುಕೊಂಡರು, ಆದರೆ ಅದರ ಮೇಲೆ ತಡವಾಗಿ ಬಂದದ್ದೆಂದು ಬರೆದರು. ಹತ್ತು ಮನೆಯವರಿಗೆ ಸರಿಯಾದ ಜಮೀನು ಸಿಕ್ಕಿತು. ಅಜ್ಜಿಗೆ ಒಂದು ಗುಂಟೆಯ ಆದೇಶ ಬಂತು. ಮೇಲಿನ ಕಚೇರಿಗೆ ನಾನು ಬರೆದ ಕಾಗದಗಳಿಗೆ ಉತ್ತರವೇ ಬರಲಿಲ್ಲ.

ಮರ ಕಡಿಯುವ ದಿನ ಅಲ್ಲಿಗೆ ಹೋಗಿದ್ದೆ. ಅಜ್ಜಿ ಬೈಯಲಿಲ್ಲ. ಬಿದ್ದ ಮರದಿಂದ ಎಳನೀರೊಂದನ್ನು ಕೆತ್ತಿಸಿ ನನ್ನ ಕೈಗಿಟ್ಟು, "ಕುಡಿ, ಬಿಸಿಲಲ್ಲಿ ಬಂದಿದೀಯ" ಎಂದರು. ಕುಡಿಯಲಾಗಲಿಲ್ಲ, ಕೆಳಗಿಡಲೂ ಆಗಲಿಲ್ಲ. ಕೊನೆಯ ಮರ ಬೀಳುವವರೆಗೆ ಅದನ್ನು ಹಿಡಿದೇ ನಿಂತಿದ್ದೆ.